ಬಿಡುವಿನ ಉಪಾಹಾರ: ಇಡ್ಡಲಿಗೆಯ ಇತಿಹಾಸ ಮತ್ತು ಗೃಹಸ್ಥನ ವಿವೇಕ

ರಜೆಯ ದಿನ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನಿಧಾನವಾಗಿ ಉಪಾಹಾರ ಸೇವಿಸುವ ರೂಢಿ ಇಂದು ಅನೇಕ ಕುಟುಂಬಗಳಲ್ಲಿ ಬೆಳೆದಿದೆ. ವಾರವಿಡೀ ಅವಸರದಲ್ಲಿ ತುತ್ತು ನುಂಗುವವರಿಗೆ ಇದು ಸಹಜವಾದ ಆಸೆ. ಆ ತಟ್ಟೆಯಲ್ಲಿ ಬಹುಮಟ್ಟಿಗೆ ಕಾಣಿಸುವ ಇಡ್ಲಿಗೆ ನಮ್ಮ ಸಾಹಿತ್ಯದಲ್ಲಿ ಸಾವಿರ ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯನ್ನು ಗಮನವಿಟ್ಟು ನೋಡಿದರೆ ಅದರಿಂದ ಗೃಹಸ್ಥಧರ್ಮಕ್ಕೆ ಉಪಯುಕ್ತವಾದ ಕೆಲವು ವಿಚಾರಗಳು ದೊರೆಯುತ್ತವೆ.

ಸುಮಾರು ಕ್ರಿ.ಶ. 920ರ ಕೃತಿಯೆಂದು ಪರಿಗಣಿತವಾಗಿರುವ ಶಿವಕೋಟ್ಯಾಚಾರ್ಯರ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಶಬ್ದ ಬಂದಿದೆ. ಮನೆಗೆ ಬಂದ ಬ್ರಹ್ಮಚಾರಿಗೆ ಬಡಿಸಿದ ಭಕ್ಷ್ಯಗಳ ಸಾಲಿನಲ್ಲಿ ಅದರ ಹೆಸರಿದೆ. ಅಂದರೆ ಇಡ್ಲಿ ನಮ್ಮ ಗ್ರಂಥಗಳಲ್ಲಿ ಮೊದಲು ಕಾಣಿಸುವುದು ಅತಿಥಿಸತ್ಕಾರದ ಸಂದರ್ಭದಲ್ಲಿ. ದಿನನಿತ್ಯದ ತಿಂಡಿಯಾಗಿ ಅಲ್ಲ.

ಅದನ್ನು ಮಾಡುವ ಕ್ರಮ ತಿಳಿಯಬೇಕಾದರೆ ಒಂದು ಶತಮಾನ ಮುಂದೆ ಬರಬೇಕು. ಸುಮಾರು ಕ್ರಿ.ಶ. 1025ರಲ್ಲಿ ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿದನು. ಈತನು ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಲ್ಲ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನೂ ಬೆರೆಸಬೇಕೆಂಬ ವಿಧಾನ ಅಲ್ಲಿದೆ. ಕ್ರಿ.ಶ. 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿಯೂ ‘ಇಡ್ಡರಿಕಾ’ ಎಂಬ ಉದ್ದಿನ ತಿನಿಸಿದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿದ್ದ ಜೈನಕವಿ ಮೂರನೆಯ ಮಂಗರಸನು ಪಾಕವಿದ್ಯೆಗೇ ಮೀಸಲಾದ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದನು. ‘ಸಮ್ಯಕ್ತ್ವ ಕೌಮುದಿ’ಯಂತಹ ಧರ್ಮಕಾವ್ಯವನ್ನು ರಚಿಸಿದ ಲೇಖನಿಯೇ ಹಿಟ್ಟಿನ ಪಾಕಗಳ ಕ್ರಮವನ್ನೂ ವಿವರಿಸಿತು. ಅಡುಗೆಮನೆಯನ್ನು ಕೀಳಾಗಿ ಕಾಣುವ ದೃಷ್ಟಿ ಆ ಕವಿಗೆ ಇರಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಈ ಹಳೆಯ ವಿವರಣೆಗಳಲ್ಲಿ ಇಂದಿನ ಇಡ್ಲಿಯ ಮೂರು ಅಂಶಗಳಾದ ಅಕ್ಕಿತರಿ, ದೀರ್ಘಕಾಲದ ಹುದುಗು ಮತ್ತು ಹಬೆಯ ಬೇಯಿಸುವಿಕೆ ಕಾಣುವುದಿಲ್ಲವೆಂದು ಆಹಾರ ಇತಿಹಾಸಕಾರ ಕೆ.ಟಿ. ಅಚಯ ಅವರು ತೋರಿಸಿದ್ದಾರೆ. ಹೆಸರು ಉಳಿದು ಪಾಕ ಬದಲಾಯಿತು. ಹಿಟ್ಟು ಉಬ್ಬುವುದು ಸೂಕ್ಷ್ಮಜೀವಿಗಳಿಂದ. ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡುವುದೇ ಇದಕ್ಕೆ ಕಾರಣವೆಂದು ವಿಜ್ಞಾನ ಹೇಳುತ್ತದೆ.

ಇಲ್ಲಿಯೇ ಶ್ರಾವಕನ ಪ್ರಶ್ನೆ ಏಳುತ್ತದೆ. ಕಟ್ಟುನಿಟ್ಟಾಗಿ ವ್ರತ ಪಾಲಿಸುವವರು ರಾತ್ರಿಯಿಡೀ ಹುದುಗಿದ ಹಿಟ್ಟನ್ನು ಚಲಿತರಸವೆಂದು ತ್ಯಜಿಸುತ್ತಾರೆ. ದ್ವಿದಳ ಧಾನ್ಯವನ್ನು ಹಸಿ ಮೊಸರು ಮಜ್ಜಿಗೆಗಳೊಡನೆ ಬೆರೆಸುವುದನ್ನೂ ಅವರು ಒಪ್ಪುವುದಿಲ್ಲ. ಆದ್ದರಿಂದ ‘ಲೋಕೋಪಕಾರ’ದ ಪಾಕವೂ ಅವರಿಗೆ ಸಲ್ಲದು. ಹಳೆಯದೆಲ್ಲವೂ ಆಚರಣಯೋಗ್ಯವಲ್ಲ, ಹೊಸದೆಲ್ಲವೂ ನಿಷಿದ್ಧವಲ್ಲ ಎಂಬುದಕ್ಕೆ ಇದೊಂದು ನಿದರ್ಶನ. ಅನೇಕ ಜೈನ ಮನೆಗಳಲ್ಲಿ ಇಡ್ಲಿ ವಾಡಿಕೆಯಲ್ಲಿರುವುದೂ ನಿಜವೇ. ಅವರವರ ವ್ರತದ ಮಿತಿಯನ್ನು ಅವರವರೇ ಅರಿತು ನಡೆಯಬೇಕು.

ವ್ರತಿಗಳ ಮನೆಯಲ್ಲಿ ವಿಶೇಷ ಉಪಾಹಾರ ಅಸಾಧ್ಯವೆಂದು ಇದರಿಂದ ಭಾವಿಸಬೇಕಾಗಿಲ್ಲ. ತುಳುನಾಡಿನ ನೀರುದೋಸೆಗೆ ಹುದುಗು ಬೇಕಿಲ್ಲ. ಅಕ್ಕಿಯನ್ನು ಮೂರು ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ತೆಳ್ಳಗೆ ಕರಡಿ ಕಾದ ಕಾವಲಿಯ ಮೇಲೆ ಹರಡಿದರೆ ಸಾಕು. ಮಲೆನಾಡಿನ ಅಕ್ಕಿತರಿಯ ಕಡುಬಿಗೂ ಹುಳಿ ಬರಿಸುವ ಅಗತ್ಯವಿಲ್ಲ. ಕುದಿಯುವ ನೀರಿನಲ್ಲಿ ತರಿಯನ್ನು ಕೆದಕಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದರೆ ಅದು ಸಿದ್ಧವಾಗುತ್ತದೆ.

ಈಗ ಕಾಲದ ಲೆಕ್ಕವನ್ನು ನೋಡೋಣ. ಸೂರ್ಯೋದಯವಾದ ಮೇಲೆ ಎರಡು ಘಳಿಗೆ, ಅಂದರೆ 48 ನಿಮಿಷ, ಕಳೆಯದೆ ಆಹಾರ ಸ್ವೀಕರಿಸಬಾರದೆಂಬ ನಿಯಮವನ್ನು ಅನೇಕರು ಪಾಲಿಸುತ್ತಾರೆ. ಶ್ವೇತಾಂಬರ ಬಂಧುಗಳು ಇದನ್ನು ನವಕಾರಸಿ ಎನ್ನುತ್ತಾರೆ. ಸೂರ್ಯೋದಯ 6.30ಕ್ಕೆ ಆದರೆ 7.18ರವರೆಗೆ ಕಾಯಬೇಕು. ಬೆಳಕಿನಲ್ಲಿಯೇ ಧಾನ್ಯವನ್ನು ಆರಿಸಿ, ನೀರನ್ನು ಸೋಸಿ, 7 ಗಂಟೆಗೆ ಅಕ್ಕಿ ನೆನೆಹಾಕಿದರೆ ಮೊದಲ ನೀರುದೋಸೆ ತಟ್ಟೆಗೆ ಬರುವುದು 10.30ರ ಸುಮಾರಿಗೆ. ಅಂಗಡಿ ತೆರೆಯುವ, ಕಚೇರಿಗೆ ಹೊರಡುವ ದಿನ ಇದು ಆಗದ ಮಾತು. ಬಿಡುವಿನ ದಿನಕ್ಕೆ ಮಾತ್ರ ಈ ನಿಧಾನ ಹೊಂದುತ್ತದೆ.

ಆದರೆ ಬಿಡುವು ಯಾರಿಗೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಹತ್ತು ಜನರ ಮನೆಯಲ್ಲಿ ತಲಾ ನಾಲ್ಕು ದೋಸೆಯೆಂದರೆ ನಲವತ್ತು. ಒಂದಕ್ಕೆ ಎರಡು ನಿಮಿಷ ಹಿಡಿದರೂ ಒಂದು ಕಾವಲಿಯ ಮುಂದೆ 80 ನಿಮಿಷ ನಿಲ್ಲಬೇಕು. ಹಜಾರದಲ್ಲಿ ಕುಳಿತವರಿಗೆ ಆ ಹೊತ್ತು ವಿಶ್ರಾಂತಿ. ಒಲೆಯ ಮುಂದೆ ನಿಂತ ತಾಯಿಗೋ ಸೊಸೆಗೋ ಅದು ವಾರದ ಏಳನೆಯ ದುಡಿಮೆ. ಎಲ್ಲರೂ ಉಂಡು ಕೈತೊಳೆದ ಮೇಲೆ ಆಕೆ ಒಬ್ಬಳೇ ಆರಿದ ದೋಸೆ ತಿನ್ನುವ ಮನೆಯಲ್ಲಿ ಯಾವ ಅಭಕ್ಷ್ಯವೂ ತಟ್ಟೆಗೆ ಬಾರದಿರಬಹುದು, ಆದರೂ ಅಹಿಂಸೆಯ ಲೆಕ್ಕದಲ್ಲಿ ಒಂದು ಬಾಕಿ ಉಳಿಯುತ್ತದೆ. ಜೀವದಯೆಯನ್ನು ಧಾನ್ಯದೊಳಗಿನ ಕೀಟದವರೆಗೆ ಒಯ್ದ ನಾವು ಅದನ್ನು ಅಡುಗೆಮನೆಯ ಮನುಷ್ಯಜೀವಕ್ಕೆ ಮುಟ್ಟಿಸದಿದ್ದರೆ ಹೇಗೆ?

ಪರಿಹಾರ ಕಷ್ಟವೇನಲ್ಲ. ಧಾನ್ಯ ಆರಿಸುವುದು ಹಿರಿಯರ ಕೆಲಸವಾಗಲಿ, ನೀರು ಸೋಸುವುದು ಮಕ್ಕಳದು. ತೆಂಗಿನಕಾಯಿ ತುರಿಯಲು, ಕಾವಲಿಯ ಮುಂದೆ ಸರದಿಯಲ್ಲಿ ನಿಲ್ಲಲು, ಪಾತ್ರೆ ತೊಳೆಯಲು ಗಂಡಸರು ಸಂಕೋಚಪಡಬಾರದು. ಸೂಪಶಾಸ್ತ್ರವನ್ನು ಬರೆಯಲು ಮಂಗರಸನಿಗೆ ನಾಚಿಕೆಯಾಗಲಿಲ್ಲ; ಹಿಟ್ಟು ಕರಡಲು ನಮಗೇಕೆ ನಾಚಿಕೆ? ಕಡುಬನ್ನು ಆರಿಸಿಕೊಂಡರೆ ಒಂದೇ ಬಾರಿಗೆ ಬೇಯಿಸಿ ಎಲ್ಲರೂ ಜೊತೆಯಾಗಿ ಕುಳಿತುಕೊಳ್ಳಲೂ ಅನುಕೂಲ.

ಇಡ್ಡಲಿಗೆಯ ಮೊದಲ ಉಲ್ಲೇಖ ಬಂದುದು ಅತಿಥಿಯ ಎಲೆಯ ಮೇಲೆ ಎಂಬುದನ್ನೂ ಮರೆಯಬಾರದು. ನೆರೆಮನೆಯ ಒಂಟಿ ವೃದ್ಧರನ್ನು ಆ ದಿನ ಕರೆದು, ಮಾಡಿದವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬಡಿಸಿದರೆ ಗೃಹಸ್ಥನ ಬಿಡುವು ಸಾರ್ಥಕವಾಗುತ್ತದೆ.