ಇಬ್ಬರ ಅಂಗಳದಲ್ಲಿ ಪಳಗಿದ ಆಟ: ಶೇ ಸು ವೇ ಅವರ ಟೆನಿಸ್ ವೃತ್ತಿಜೀವನದ ಮರುಪರಿಶೀಲನೆ

ತೈವಾನಿನ ಶೇ ಸು ವೇ ಅವರನ್ನು ಪರಿಚಯಿಸುವ ಬರಹಗಳಲ್ಲಿ ಎರಡು ಅಂಕಿಗಳು ತಪ್ಪದೆ ಕಾಣಿಸುತ್ತವೆ. ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನ, ಸಿಂಗಲ್ಸ್‌ನಲ್ಲಿ 23. ಇವೆರಡನ್ನು ಅಕ್ಕಪಕ್ಕ ಇಟ್ಟವರು ಸಿಂಗಲ್ಸ್ ಕೈಹಿಡಿಯದಿದ್ದಾಗ ಡಬಲ್ಸ್ ಕಡೆಗೆ ಹೊರಳಿದ ಆಟಗಾರ್ತಿ ಎಂದು ಸುಲಭವಾಗಿ ತೀರ್ಮಾನಿಸಿಬಿಡುತ್ತಾರೆ. ಫಲಿತಾಂಶಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಈ ತೀರ್ಮಾನ ನಿಲ್ಲುವುದಿಲ್ಲ. ಅವರು ಡಬಲ್ಸ್‌ನ ತುದಿ ಮುಟ್ಟಿದ್ದು 2014ರ ಮೇ ತಿಂಗಳಲ್ಲಿ. ಸಿಂಗಲ್ಸ್‌ನ ದೊಡ್ಡ ಗೆಲುವುಗಳು ಬಂದದ್ದು 2018 ಮತ್ತು 2021ರ ನಡುವೆ, 32 ದಾಟಿದ ವಯಸ್ಸಿನಲ್ಲಿ. ಡಬಲ್ಸ್ ಅವರಿಗೆ ಆಸರೆಯಾಗಿ ಒದಗಿದ್ದಲ್ಲ, ಸಿಂಗಲ್ಸ್ ಆಟ ರೂಪುಗೊಂಡ ಗರಡಿಯೇ ಅದು ಎಂಬುದು ಈ ಲೇಖನದ ವಾದ.

1986ರ ಜನವರಿ 4ರಂದು ಹುಟ್ಟಿದ ಸು ವೇ 2001ರಲ್ಲಿ, 15ರ ವಯಸ್ಸಿನಲ್ಲಿ, ವೃತ್ತಿಪರ ಟೆನಿಸ್‌ಗೆ ಕಾಲಿಟ್ಟರು. ತಂದೆಯೇ ಮೊದಲ ತರಬೇತುದಾರ. ತಮ್ಮ ಚೆಂಗ್ ಪೆಂಗ್ ಮತ್ತು ತಂಗಿ ಶು ಯಿಂಗ್ ಕೂಡ ವೃತ್ತಿಪರ ಆಟಗಾರರಾದರು. ಅಕಾಡೆಮಿಯಲ್ಲಿ ತಯಾರಾಗುವ ಮಕ್ಕಳ ಹೊಡೆತಗಳಲ್ಲಿ ಒಂದು ಏಕರೂಪತೆ ಇರುತ್ತದೆ. ಮನೆಯ ಗರಡಿಯಲ್ಲಿ ಬೆಳೆದವರಿಗೆ ಆ ಅಚ್ಚು ಬೀಳುವುದಿಲ್ಲ. ಸು ವೇ ಫೋರ್‌ಹ್ಯಾಂಡ್ ಮತ್ತು ಬ್ಯಾಕ್‌ಹ್ಯಾಂಡ್ ಎರಡನ್ನೂ ಎರಡು ಕೈಗಳಿಂದ ಹೊಡೆಯುತ್ತಾರೆ. 1990ರ ದಶಕದಲ್ಲಿ ಮೋನಿಕಾ ಸೆಲೆಸ್ ಹೀಗೆ ಆಡಿದ್ದರು. ಆದರೆ ಸೆಲೆಸ್ ಎರಡು ಕೈಗಳನ್ನು ಬಳಸಿದ್ದು ಬಲಕ್ಕಾಗಿ. ಸು ವೇ ಬಳಸುವುದು ಮರೆಮಾಚಲು. ರ‍್ಯಾಕೆಟ್ ಹಿಂದಕ್ಕೆ ಎಳೆಯುವ ಚಲನೆ ತೀರಾ ಚಿಕ್ಕದು. ಚೆಂಡು ಪುಟಿದು ಮೇಲೇಳುವಷ್ಟರಲ್ಲೇ ಅದನ್ನು ಮುಟ್ಟುತ್ತಾರೆ. ಅದೇ ಭಂಗಿಯಿಂದ ಡ್ರಾಪ್ ಶಾಟ್, ಲಾಬ್, ಅಡ್ಡಕೋನದ ಹೊಡೆತ, ಯಾವುದು ಬೇಕಾದರೂ ಹೊರಡಬಹುದು. ಎದುರಾಳಿಗೆ ಓದಲು ಸುಳಿವೇ ಸಿಗುವುದಿಲ್ಲ.

ಈ ಆಟದ ದೊಡ್ಡ ಕೊರತೆ ಸರ್ವ್. ಅದರಲ್ಲಿ ವೇಗವಿಲ್ಲ. ಸಿಂಗಲ್ಸ್‌ನಲ್ಲಿ ತಮ್ಮ ಸರ್ವ್ ಇರುವ ಗೇಮ್‌ಗಳನ್ನೂ ಅವರು ಬೆವರು ಹರಿಸಿಯೇ ಉಳಿಸಿಕೊಳ್ಳಬೇಕು. ಡಬಲ್ಸ್‌ನಲ್ಲಿ ನೆಟ್ ಬಳಿ ನಿಂತ ಜೊತೆಗಾರ್ತಿ ಈ ಕೊರತೆಯನ್ನು ತುಂಬುತ್ತಾರೆ. ಮೇಲಾಗಿ ಅಲ್ಲಿ ಅಂಗಳದ ಸಣ್ಣ ಕೋನಗಳಿಗೆ, ಮುಟ್ಟಿದಷ್ಟೇ ಮೃದುವಾದ ವಾಲಿಗಳಿಗೆ ಬೆಲೆ ಹೆಚ್ಚು. ರ‍್ಯಾಂಕಿಂಗ್‌ಗಳ ನಡುವಿನ ಅಂತರಕ್ಕೆ ಪ್ರತಿಭೆಗಿಂತ ಈ ತಾಂತ್ರಿಕ ಕಾರಣವೇ ಮುಖ್ಯ ಎಂದು ನನಗನ್ನಿಸುತ್ತದೆ.

ತೈವಾನಿನ ಮಹಿಳಾ ಟೆನಿಸ್ ಸು ವೇ ಅವರಿಂದ ಶುರುವಾದದ್ದಲ್ಲ. 1990ರ ದಶಕದಲ್ಲೇ ವಾಂಗ್ ಶಿ ಟಿಂಗ್ ಸಿಂಗಲ್ಸ್‌ನ ಮೊದಲ 30ರೊಳಗೆ ಬಂದಿದ್ದರು. ಹೊಸ ಶತಮಾನದಲ್ಲಿ ಒತ್ತು ಡಬಲ್ಸ್ ಕಡೆಗೆ ವಾಲಿತು. ಚಾನ್ ಯುಂಗ್ ಜಾನ್ ಮತ್ತು ಚುವಾಂಗ್ ಚಿಯಾ ಜುಂಗ್ 2007ರಲ್ಲಿ ಆಸ್ಟ್ರೇಲಿಯಾ ಓಪನ್ ಮತ್ತು ಅಮೆರಿಕ ಓಪನ್ ಎರಡರಲ್ಲೂ ಫೈನಲ್ ತಲುಪಿದರು. ಅದೇ ವರ್ಷ ನಮ್ಮ ಬೆಂಗಳೂರು ಓಪನ್ ಡಬಲ್ಸ್ ಫೈನಲ್‌ನಲ್ಲಿ ಈ ಜೋಡಿ ಸು ವೇ ಮತ್ತು ರಷ್ಯಾದ ಅಲ್ಲಾ ಕುದ್ರಿಯಾವ್ತ್‌ಸೆವಾ ಅವರನ್ನು ಸೋಲಿಸಿತು. ಅಂದು ಅಂಗಳದಲ್ಲಿದ್ದ ನಾಲ್ವರಲ್ಲಿ ಮೂವರು ತೈವಾನಿನವರು. ಚಾನ್ ಮುಂದೆ ಲತೀಶಾ ಎಂಬ ಹೆಸರಿನಲ್ಲಿ ಆಡಿ, 2017ರಲ್ಲಿ ಮಾರ್ಟಿನಾ ಹಿಂಗಿಸ್ ಜೊತೆ ಅಮೆರಿಕ ಓಪನ್ ಗೆದ್ದರು. ಕೊಡಗಿನ ರೋಹನ್ ಬೋಪಣ್ಣ ಅವರಿಗೆ ಮಿಶ್ರ ಡಬಲ್ಸ್‌ನಲ್ಲಿ ಕೆಲಕಾಲ ಜೊತೆಯಾದವರೂ ಇವರೇ.

ಸು ವೇ ಅವರ ಆರಂಭದ ಹಾದಿ ನೆಟ್ಟಗಿರಲಿಲ್ಲ. 2008ರ ಆಸ್ಟ್ರೇಲಿಯಾ ಓಪನ್‌ನಲ್ಲಿ ಅರ್ಹತಾ ಸುತ್ತಿನಿಂದ ಬಂದು ನಾಲ್ಕನೇ ಸುತ್ತು ಮುಟ್ಟಿ, ಆಗಿನ ಅಗ್ರ ಆಟಗಾರ್ತಿ ಜಸ್ಟಿನ್ ಹೆನಿನ್‌ಗೆ ಸೋತರು. ಆಮೇಲೆ ಹಿಂದೆ ಸರಿದರು. 2012ರ ಆರಂಭದಲ್ಲಿ ಮೊದಲ ನೂರರ ಹೊರಗಿದ್ದವರು ಆ ವರ್ಷ ಕ್ವಾಲಾಲಂಪುರ ಮತ್ತು ಗುವಾಂಗ್‌ಝೌನಲ್ಲಿ ಪ್ರಶಸ್ತಿ ಗೆದ್ದು, 2013ರ ಫೆಬ್ರುವರಿಯಲ್ಲಿ 23ಕ್ಕೆ ಏರಿದರು. ಈ ಹೊತ್ತಿಗೆ ಆಸ್ಟ್ರೇಲಿಯಾದ ಪಾಲ್ ಮೆಕ್‌ನಮೀ ಅವರ ಮಾರ್ಗದರ್ಶನ ಸಿಕ್ಕಿತ್ತು. ಮೆಕ್‌ನಮೀ ಸ್ವತಃ ವಿಂಬಲ್ಡನ್ ಡಬಲ್ಸ್ ಚಾಂಪಿಯನ್. ಆಡುವ ಕಾಲದಲ್ಲೇ ತಮ್ಮ ಬ್ಯಾಕ್‌ಹ್ಯಾಂಡನ್ನು ಒಂದು ಕೈಯಿಂದ ಎರಡು ಕೈಗೆ ಬದಲಿಸಿಕೊಂಡವರು. ಇಂಥ ಗುರು ಶಿಷ್ಯೆಯ ವಿಚಿತ್ರ ಹಿಡಿತವನ್ನು ತಿದ್ದಲು ಹೊರಡದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಮೊದಲ ಗ್ರ್ಯಾನ್‌ಸ್ಲಾಮ್ 2013ರ ವಿಂಬಲ್ಡನ್. ಜೊತೆಗಾರ್ತಿ ಚೀನಾದ ಪೆಂಗ್ ಶುವಾಯ್, ಅವರೂ ಎರಡೂ ಬದಿಯಿಂದ ಎರಡು ಕೈಗಳಲ್ಲಿ ಆಡುವವರು. ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಆ್ಯಶ್ಲಿ ಬಾರ್ಟಿ ಮತ್ತು ಕೇಸಿ ಡೆಲ್ಲಾಕ್ವಾ ಸೋತರು. ಆ ವರ್ಷದ ಕೊನೆಗೆ ಇಸ್ತಾಂಬುಲ್‌ನಲ್ಲಿ ಡಬ್ಲ್ಯುಟಿಎ ಚಾಂಪಿಯನ್‌ಷಿಪ್, ಮರುವರ್ಷ ಫ್ರೆಂಚ್ ಓಪನ್ ಈ ಜೋಡಿಯ ಪಾಲಾದವು. 2014ರ ಮೇ 12ರಂದು ಸು ವೇ ಒಂದನೇ ಸ್ಥಾನಕ್ಕೇರಿದಾಗ ಪುರುಷರೂ ಸೇರಿ ತೈವಾನಿನ ಯಾರೂ ಅಲ್ಲಿಯವರೆಗೆ ಆ ಸ್ಥಾನ ಕಂಡಿರಲಿಲ್ಲ. ಜೋಡಿಯ ಓಟಕ್ಕೆ ತಡೆ ಬಿದ್ದದ್ದು ಅದೇ ವರ್ಷ ಸಿಂಗಪುರದ ಡಬ್ಲ್ಯುಟಿಎ ಫೈನಲ್ಸ್‌ನಲ್ಲಿ: ಸಾನಿಯಾ ಮಿರ್ಜಾ ಮತ್ತು ಕಾರಾ ಬ್ಲ್ಯಾಕ್ 6-1, 6-0ರಿಂದ ಅವರನ್ನು ಮಣಿಸಿದರು.

ಅಂಕಪಟ್ಟಿಯ ಮೇಲೆ ಸು ವೇ ಮತ್ತು ಪೆಂಗ್ ಒಂದೇ ದೇಶದವರಂತೆ ಕಾಣುವುದಿಲ್ಲ. ಪೂರ್ತಿ ಬೇರೆ ದೇಶದವರಂತೆಯೂ ಕಾಣುವುದಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೊಂದಿಗೆ 1981ರಲ್ಲಿ ಆದ ಒಪ್ಪಂದದಂತೆ ತೈವಾನಿನ ಕ್ರೀಡಾಪಟುಗಳು ‘ಚೈನೀಸ್ ತೈಪೆ’ ಹೆಸರಿನಲ್ಲಿ ಆಡುತ್ತಾರೆ. ಈ ಗೋಜಲು ಸು ವೇ ಅವರನ್ನು ನೇರವಾಗಿ ತಟ್ಟಿದ್ದು 2013ರಲ್ಲಿ. ಚೀನಾದ ಮದ್ಯದ ಕಂಪನಿಯೊಂದು ದೊಡ್ಡ ಮೊತ್ತದ ಪ್ರಾಯೋಜಕತ್ವ ನೀಡಲು ಮುಂದೆ ಬಂದಿದೆ, ಅದಕ್ಕಾಗಿ ಮಗಳು ಚೀನಾ ಪರ ಆಡಬಹುದು ಎಂದು ತಂದೆ ಹೇಳಿದ ಸುದ್ದಿ ವಿಂಬಲ್ಡನ್ ಗೆಲುವಿನ ಬೆನ್ನಲ್ಲೇ ಹಬ್ಬಿತು. ತೈವಾನಿನಲ್ಲಿ ಗದ್ದಲವೆದ್ದಿತು. ಅವರು ಪೌರತ್ವ ಬದಲಿಸಲಿಲ್ಲ. ಮೂರು ವರ್ಷದ ಬಳಿಕ ಜಗಳ ಮನೆಯೊಳಗೇ ನಡೆಯಿತು. ರಾಷ್ಟ್ರೀಯ ಟೆನಿಸ್ ಸಂಸ್ಥೆಯೊಂದಿಗಿನ ಭಿನ್ನಾಭಿಪ್ರಾಯದಿಂದ 2016ರ ರಿಯೊ ಒಲಿಂಪಿಕ್ಸ್‌ಗೆ ಮುನ್ನವೇ ಹಿಂದೆ ಸರಿದರು. ಇನ್ನು ದೇಶದ ಪರ ಆಡುವುದಿಲ್ಲವೆಂದೂ ಘೋಷಿಸಿದರು. ಸಣ್ಣ ಕ್ರೀಡಾ ಸಂಸ್ಥೆಗಳು ತಮ್ಮ ಅತಿ ದೊಡ್ಡ ಆಟಗಾರರೊಂದಿಗೆ ಹೀಗೆ ಕೆಡಿಸಿಕೊಳ್ಳುವುದು ಭಾರತದ ಓದುಗರಿಗೆ ಹೊಸ ಕತೆಯೇನಲ್ಲ.

ಇನ್ನು ವಾದದ ಮುಖ್ಯ ಸಾಕ್ಷ್ಯ. 2018ರ ಆಸ್ಟ್ರೇಲಿಯಾ ಓಪನ್‌ನಲ್ಲಿ ಸು ವೇ ಮೂರನೇ ಶ್ರೇಯಾಂಕದ ಗಾರ್ಬಿನ್ ಮುಗುರುಜಾ, ಬಳಿಕ ಅಗ್ನಿಯೆಸ್ಕಾ ರಾದ್ವಾನ್ಸ್ಕಾ ಇಬ್ಬರನ್ನೂ ಸೋಲಿಸಿದರು. ಕೆಲವೇ ತಿಂಗಳಲ್ಲಿ ವಿಂಬಲ್ಡನ್‌ನಲ್ಲಿ, ಆಗಷ್ಟೇ ಫ್ರೆಂಚ್ ಓಪನ್ ಗೆದ್ದು ಬಂದಿದ್ದ ವಿಶ್ವದ ಅಗ್ರ ಆಟಗಾರ್ತಿ ಸಿಮೋನಾ ಹಾಲೆಪ್ ಎದುರಿಗಿದ್ದರು. ಕೊನೆಯ ಸೆಟ್‌ನಲ್ಲಿ ಹಾಲೆಪ್ 5-2ರಿಂದ ಮುಂದಿದ್ದರು, ಮ್ಯಾಚ್ ಪಾಯಿಂಟ್ ಕೂಡ ಹಿಡಿದಿದ್ದರು. ಅಲ್ಲಿಂದ ಸು ವೇ 3-6, 6-4, 7-5ರಿಂದ ಗೆದ್ದರು.

ನವೋಮಿ ಒಸಾಕಾ ಜೊತೆಗಿನ ಮೂರು ಪಂದ್ಯಗಳನ್ನು ಒಟ್ಟಿಗೆ ಓದಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. 2019ರ ಆಸ್ಟ್ರೇಲಿಯಾ ಓಪನ್ ಮೂರನೇ ಸುತ್ತಿನಲ್ಲಿ ಸು ವೇ ಮೊದಲ ಸೆಟ್ ಗೆದ್ದು, ಎರಡನೆಯದರಲ್ಲೂ ಮುಂದಿದ್ದು, ಕೊನೆಗೆ ಸೋತರು. ಒಸಾಕಾ ಆ ಪ್ರಶಸ್ತಿಯನ್ನೇ ಗೆದ್ದರು. ಎರಡು ತಿಂಗಳ ನಂತರ ಮಯಾಮಿಯಲ್ಲಿ, ಆಗ ಅಗ್ರಸ್ಥಾನದಲ್ಲಿದ್ದ ಒಸಾಕಾ ಅವರನ್ನು ಸು ವೇ 4-6, 7-6, 6-3ರಿಂದ ಸೋಲಿಸಿದರು. ಮೂರನೆಯದು 2021ರ ಆಸ್ಟ್ರೇಲಿಯಾ ಓಪನ್ ಕ್ವಾರ್ಟರ್‌ಫೈನಲ್, ಒಸಾಕಾ 6-2, 6-2ರಿಂದ ಗೆದ್ದರು. ಅಷ್ಟರಲ್ಲಿ ಒಸಾಕಾ ಈ ಒಗಟನ್ನು ಬಿಡಿಸಲು ಕಲಿತಿದ್ದರು: ರ‍್ಯಾಲಿ ಉದ್ದವಾಗಲು ಬಿಡದೆ ಸರ್ವ್ ಮತ್ತು ಮೊದಲ ಹೊಡೆತದಲ್ಲೇ ಪಾಯಿಂಟ್ ಮುಗಿಸುವುದು. ಸು ವೇ ಅವರ ಆಟದ ಮಿತಿಯೂ ಇಲ್ಲೇ ಇದೆ. ಚೆಂಡು ನಾಲ್ಕು ಸಲ ಅತ್ತಿತ್ತ ಹೋದರೆ ಅವರು ಯಾರನ್ನಾದರೂ ದಿಕ್ಕು ತಪ್ಪಿಸಬಲ್ಲರು, ಹೋಗದಿದ್ದರೆ ಇಲ್ಲ. ಆದರೂ ಆ ಟೂರ್ನಿಯಲ್ಲಿ ಬಿಯಾಂಕಾ ಆ್ಯಂಡ್ರೀಸ್ಕು ಅವರನ್ನು ಸೋಲಿಸಿ, 35ರ ವಯಸ್ಸಿನಲ್ಲಿ ಮೊದಲ ಬಾರಿಗೆ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಕ್ವಾರ್ಟರ್‌ಫೈನಲ್‌ಗೆ ಬಂದದ್ದು ಮುಕ್ತ ಟೆನಿಸ್ ಯುಗದಲ್ಲಿ ದಾಖಲೆಯೇ ಸರಿ. ಅಷ್ಟು ತಡವಾಗಿ ಆ ಘಟ್ಟಕ್ಕೆ ಮೊದಲ ಸಲ ಬಂದವರು ಬೇರೆ ಇರಲಿಲ್ಲ.

ಇದೇ ಅವಧಿಯಲ್ಲಿ ಡಬಲ್ಸ್ ನಿಂತಿರಲಿಲ್ಲ. ಜೆಕ್ ಗಣರಾಜ್ಯದ ಬಾರ್ಬೊರಾ ಸ್ಟ್ರಿಕೋವಾ ಜೊತೆ 2019ರಲ್ಲಿ ವಿಂಬಲ್ಡನ್ ಗೆದ್ದರು. 2021ರಲ್ಲಿ ಬೆಲ್ಜಿಯಂನ ಎಲಿಸ್ ಮರ್ಟೆನ್ಸ್ ಜೊತೆ ಅದೇ ಹುಲ್ಲಿನ ಮೇಲೆ, ಮ್ಯಾಚ್ ಪಾಯಿಂಟ್‌ಗಳ ಅಂಚಿನಿಂದ ಪಾರಾಗಿ, 3-6, 7-5, 9-7ರಿಂದ ಮತ್ತೊಂದು ಕಿರೀಟ ಪಡೆದರು. ದೀರ್ಘ ವಿರಾಮದ ನಂತರ 2023ರ ವಸಂತದಲ್ಲಿ ಮರಳಿ, ಕೆಲವೇ ವಾರಗಳಲ್ಲಿ ಚೀನಾದ ವಾಂಗ್ ಶಿನ್‌ಯು ಜೊತೆ ಪ್ಯಾರಿಸ್‌ನಲ್ಲಿ, ಮತ್ತೆ ಸ್ಟ್ರಿಕೋವಾ ಜೊತೆ ಲಂಡನ್‌ನಲ್ಲಿ ಗೆದ್ದರು. 2024ರ ಆಸ್ಟ್ರೇಲಿಯಾ ಓಪನ್ ಮರ್ಟೆನ್ಸ್ ಜೊತೆ. ಒಟ್ಟು ಏಳು ಗ್ರ್ಯಾನ್‌ಸ್ಲಾಮ್ ಮಹಿಳಾ ಡಬಲ್ಸ್ ಕಿರೀಟಗಳು, ಸ್ಟ್ರಿಕೋವಾ, ಪೆಂಗ್, ಮರ್ಟೆನ್ಸ್, ವಾಂಗ್ ಹೀಗೆ ನಾಲ್ವರು ಜೊತೆಗಾರ್ತಿಯರು. ಯಾರ ಜೊತೆ ನಿಂತರೂ ಗೆಲ್ಲುವ ಈ ಗುಣವನ್ನು ಜೋಡಿಯ ಹೊಂದಾಣಿಕೆ ಎನ್ನುವುದಕ್ಕಿಂತ ಸು ವೇ ಅವರ ಸ್ವಂತ ಆಟದ ಸತ್ವ ಎನ್ನುವುದೇ ಸರಿ.

ಏಳರಲ್ಲಿ ನಾಲ್ಕು ವಿಂಬಲ್ಡನ್‌ನವು. ಹುಲ್ಲಿನ ಮೇಲೆ ಚೆಂಡು ತಗ್ಗಾಗಿ ಜಾರುವುದರಿಂದ ಅವರ ಚಪ್ಪಟೆ ಹೊಡೆತಗಳು ಮತ್ತಷ್ಟು ಮೊನಚಾಗುತ್ತವೆ. 2024ರಲ್ಲಿ ಪೋಲೆಂಡಿನ ಯಾನ್ ಝೆಲಿನ್ಸ್‌ಕಿ ಜೊತೆ ಆಸ್ಟ್ರೇಲಿಯಾ ಓಪನ್ ಮತ್ತು ವಿಂಬಲ್ಡನ್ ಮಿಶ್ರ ಡಬಲ್ಸ್ ಕೂಡ ಬಂದವು. 2025ರಲ್ಲಿ ಲಾತ್ವಿಯಾದ ಎಲೆನಾ ಒಸ್ತಪೆಂಕೊ ಜೊತೆ ಮೆಲ್ಬರ್ನ್ ಮತ್ತು ವಿಂಬಲ್ಡನ್ ಎರಡರಲ್ಲೂ ಫೈನಲ್ ಆಡಿ, ಎರಡನ್ನೂ ಮೂರು ಸೆಟ್‌ಗಳಲ್ಲಿ ಸೋತರು. ಆಗ ಅವರಿಗೆ 39 ವರ್ಷ. ಅಲ್ಲಿಯವರೆಗೆ ಮಹಿಳಾ ಡಬಲ್ಸ್‌ನಲ್ಲಿ ಅವರ ಕೈಗೆ ಸಿಗದೆ ಉಳಿದಿದ್ದ ಗ್ರ್ಯಾನ್‌ಸ್ಲಾಮ್ ಅಮೆರಿಕ ಓಪನ್ ಒಂದೇ.