ಅಪ್ಪನ ಗಳಿಕೆ ಮುಚ್ಚಿಟ್ಟರ ಮಗು ಏನು ತಿನ್ನಬೇಕು?



ನಮ್ಮ ಮರೋಳದ ಕಡೆ ಜೀವನಾಂಶ ಕೇಳಿದ ಹೆಣ್ಣುಮಕ್ಕಳಿಗೆ ಸಿಗೋ ಉತ್ತರ ಒಂದೇ: "ನಾ ಕೂಲಿ ಮಾಡಾಂವ್ರೀ ಸಾಹೇಬ್ರ, ನನ್ನ ಕಡೆ ಏನೈತಿ?" ದುಡ್ಡು ಕೈಯಿಂದ ಕೈಗೆ, ಚೀಟಿ ಇಲ್ಲ.

ಇದರ ಚರಿತ್ರೆ ನೋಡ್ರಿ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಂ ಮದುವೆಯಾಚೆ ಹುಟ್ಟಿದ ಮಗುವಿಗೂ ಹಕ್ಕು ಕೊಟ್ಟಿತ್ತು. ಮಿತಿ ತಿಂಗಳಿಗೆ 50 ರೂಪಾಯಿ. ಆದರೆ ದೇವದಾಸಿ ತಾಯಂದಿರ ಮಕ್ಕಳ ಅಪ್ಪ ಯಾರಂತ ಊರಿಗೆಲ್ಲ ಗೊತ್ತಿದ್ದರೂ ಕಾಗದದಲ್ಲಿ ಹೆಸರಿರಲಿಲ್ಲ. ಅಪ್ಪನನ್ನೇ ಮುಚ್ಚಿಟ್ಟ ಮೇಲೆ ಅವನ ಹೊಲದ ಉತಾರ ಯಾರು ಕೇಳ್ತಾರ? 1973ರ ಸಂಹಿತೆಯ 125ನೇ ಕಲಂನಲ್ಲೂ ಮಿತಿ 500 ರೂಪಾಯಿ. ಅದು ಹೋಗಿದ್ದು 2001ರಲ್ಲಿ.

ಮಿತಿ ಹೋದರೂ ಸುಳ್ಳು ಹೋಗಲಿಲ್ಲ. 2020ರ ನವೆಂಬರ್ 4ರಂದು, ರಜನೇಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು. ಅಂದರೆ ಲೆಕ್ಕ ಕೊಡೋ ಹೊಣೆ ಈಗ ಅವನದೂ ಹೌದು.

ಅಕ್ಕತಂಗೇರೇ, ಮೊದಲು ಆ ಅಫಿಡವಿಟ್ ಕೇಳ್ರಿ. ಕೈಲಿ ಉತಾರ, ಅವನ ಗಾಡಿ ನಂಬರ್ ಇಟ್ಕೊಂಡಿರ್ರಿ. ಬ್ಯಾಂಕ್ ಲೆಕ್ಕ ತರಿಸಂತ ವಕೀಲರಿಗೆ ಹೇಳ್ರಿ. ಬಾಬಾಸಾಹೇಬರು ಕೊಟ್ಟ ಸಂವಿಧಾನ ನಮ್ಮದು. ಮಗುವಿನ ಅನ್ನ ಬೇಡೋ ಭಿಕ್ಷೆ ಅಲ್ಲ, ಹಕ್ಕು.