ಬಿಟ್ಟುಹೋದವರ ಪಾಲು

1981ರಲ್ಲಿ ಪುಣೆಯಲ್ಲಿ ಏಳು ಮಂದಿ ಎಂಜಿನಿಯರುಗಳು 10,000 ರೂಪಾಯಿಗಳ ಬಂಡವಾಳದಿಂದ ಇನ್ಫೋಸಿಸ್ ಕಂಪನಿಯನ್ನು ಆರಂಭಿಸಿದರು. 1983ರಲ್ಲಿ ಅದು ಬೆಂಗಳೂರಿಗೆ ಬಂದಿತು. 1989ರಲ್ಲಿ ಏಳರಲ್ಲಿ ಒಬ್ಬರಾದ ಅಶೋಕ್ ಅರೋರಾ ತಮ್ಮ ಷೇರುಗಳನ್ನು ಜೊತೆಗಾರರಿಗೇ ಮಾರಿ ಹೊರನಡೆದರು. ನಾಲ್ಕು ವರ್ಷಗಳ ತರುವಾಯ, 1993ರಲ್ಲಿ, ಕಂಪನಿಯು 95 ರೂಪಾಯಿಗೊಂದರಂತೆ ಷೇರುಗಳನ್ನು ಸಾರ್ವಜನಿಕರ ಮುಂದಿಟ್ಟಿತು. ಮುಂದಿನದು ಎಲ್ಲರಿಗೂ ಗೊತ್ತು.

ದೆಹಲಿಯ ಮುಖರ್ಜಿ ನಗರದಲ್ಲಿ ನಾಗರಿಕ ಸೇವಾ ಪರೀಕ್ಷೆಗೆ ಓದಲು ಬಂದಿರುವ ನಮ್ಮ ಕಡೆಯ ಹುಡುಗರಲ್ಲಿ ಕೆಲವರು, ಆಯ್ಕೆಯಾಗದಿದ್ದರೆ ಕೋಣೆಯ ಗೆಳೆಯರೊಡನೆ ಸ್ಟಾರ್ಟಪ್ ಹೂಡುವ ಮಾತಾಡುತ್ತಾರೆ. ಪಾಲು ಹೇಗೆಂದು ಕೇಳಿದರೆ ‘ಸಮಪಾಲು’ ಎನ್ನುತ್ತಾರೆ. ಒಬ್ಬ ಆರು ತಿಂಗಳಿಗೇ ಬಿಟ್ಟುಹೋದರೆ? ‘ವೆಸ್ಟಿಂಗ್’ ಎಂಬ ಏರ್ಪಾಡು ಹುಟ್ಟಿದ್ದು ಈ ಪ್ರಶ್ನೆಗೆ ಉತ್ತರವಾಗಿ. ಷೇರು ಮೊದಲ ದಿನವೇ ಹೆಸರಿಗೆ ಬಂದರೂ ದುಡಿದಷ್ಟು ಕಾಲಕ್ಕೆ ತಕ್ಕಷ್ಟೇ ಅದು ಸ್ವಂತವಾಗುತ್ತದೆ. ರೂಢಿಯಲ್ಲಿರುವ ಅವಧಿ 4 ವರ್ಷ. ಮೊದಲ ವರ್ಷ ತುಂಬುವ ಮುನ್ನ ಹೊರಟವನಿಗೆ ಏನೂ ದಕ್ಕುವುದಿಲ್ಲ. ನಮ್ಮ ಕಾನೂನು ಕನ್ನಡದಲ್ಲಿ ಇದಕ್ಕೆ ‘ನಿಹಿತವಾಗು’ ಎಂಬ ಪದವಿದೆ. ಗೇಣಿ ಜಮೀನುಗಳು 1974ರ ಮಾರ್ಚ್ 1ರಂದು ಸರ್ಕಾರದಲ್ಲಿ ನಿಹಿತವಾದದ್ದು ಒಂದೇ ದಿನದಲ್ಲಿ. ಷೇರು ಹಾಗಲ್ಲ, ಕಂತು ಕಂತಾಗಿ.

ವೆಸ್ಟಿಂಗ್‌ನ ಅಗತ್ಯಕ್ಕೆ ಅರೋರಾ ಅವರನ್ನು ನಿದರ್ಶನವಾಗಿ ಕೊಡುವುದು ನನಗೆ ಸರಿಯೆನಿಸದು. 4 ವರ್ಷದ ಕರಾರಿದ್ದಿದ್ದರೆ 1985ರ ಹೊತ್ತಿಗೇ ಅವರ ಪಾಲು ಪೂರ್ತಿ ಅವರದಾಗುತ್ತಿತ್ತು. ಹೊರಟ ದಿನ ಅದನ್ನು ಮಾರಲೇಬೇಕೆಂದು ಆ ಕರಾರು ಹೇಳುತ್ತಿರಲಿಲ್ಲ. ಅಂದರೆ ಅದು ಉಳಿದವರನ್ನು ಕಾಯುವಂತೆಯೇ ಹೊರಟವನನ್ನೂ ಕಾಯುತ್ತದೆ. ಇನ್ನೊಬ್ಬ ಸ್ಥಾಪಕ ಎಸ್.ಡಿ. ಶಿಬುಲಾಲ್ 1991ರಿಂದ 1996ರವರೆಗೆ ರಜೆಯ ಮೇಲೆ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದು ಮರಳಿದರು. 2011ರಲ್ಲಿ ಕಂಪನಿಯ ಮುಖ್ಯಸ್ಥರೇ ಆದರು. ಐದು ವರ್ಷ ದೂರವಿದ್ದವರನ್ನು ‘ಬಿಟ್ಟುಹೋದವರು’ ಎಂದು ಬರೆದುಬಿಟ್ಟಿದ್ದರೆ?

ಸರ್ಕಾರಿ ನೌಕರನಿಗೆ ಇದು ಹೊಸ ತತ್ತ್ವವೇನಲ್ಲ. ಹಳೆಯ ಪಿಂಚಣಿ ನಿಯಮಗಳಲ್ಲಿ 10 ವರ್ಷ ಅರ್ಹತಾ ಸೇವೆಯಿಲ್ಲದೆ ನಿವೃತ್ತನಾದವನಿಗೆ ಮಾಸಿಕ ಪಿಂಚಣಿಯಿಲ್ಲ. ರಾಜೀನಾಮೆ ಕೊಟ್ಟರೆ ಸಾಮಾನ್ಯವಾಗಿ ಹಿಂದಿನ ಸೇವೆಯೆಲ್ಲ ನಷ್ಟ. ಅದರ ಮುಂದೆ ಸ್ಟಾರ್ಟಪ್ಪಿನ ಕರಾರು ಉದಾರವೆಂದೇ ಹೇಳಬೇಕು.

ತೊಡಕಿರುವುದು ಎಣಿಕೆ ಯಾವ ದಿನದಿಂದ ಎಂಬಲ್ಲಿ. ಪಟ್ನಿ ಕಂಪನಿಯಲ್ಲಿ ಒಪ್ಪಿಕೊಂಡಿದ್ದ ಕೆಲಸವನ್ನು ಮುಗಿಸಿಕೊಡಬೇಕಿದ್ದುದರಿಂದ ನಾರಾಯಣಮೂರ್ತಿಯವರು ತಡವಾಗಿ ಸೇರಿದರು. ಇನ್ಫೋಸಿಸ್‌ನ ನೌಕರರ ಪಟ್ಟಿಯಲ್ಲಿ ಮೊದಲ ಹೆಸರು ಎನ್.ಎಸ್. ರಾಘವನ್ ಅವರದು, ಮೂರ್ತಿಯವರದು ನಾಲ್ಕನೆಯದು. ಕಂಪನಿ ನೋಂದಣಿಯಾದ ದಿನದಿಂದ ಎಣಿಸುವುದೋ, ಆಳು ಪೂರ್ಣಾವಧಿಗೆ ಬಂದ ದಿನದಿಂದಲೋ? ಮುಖರ್ಜಿ ನಗರದ ಗೆಳೆಯರ ಗುಂಪಿನಲ್ಲೂ ಒಬ್ಬನಿಗೆ ಪರೀಕ್ಷೆಯ ಇನ್ನೊಂದು ಅವಕಾಶ ಬಾಕಿಯಿರುತ್ತದೆ. ಕಾಗದದ ಮೇಲೆ ಮೊದಲು ಬರೆದುಕೊಳ್ಳಬೇಕಾದದ್ದು ಅವನು ಬರುವ ತಾರೀಖನ್ನು.